ಗುರ್ಕಾರ್ನ್ ತಡೆದ ಸುದ್ದಿ

ಬಿಕರ್ನಕಟ್ಟೆಯ ಆ ವಾಡೊದಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರ ನಂತರ ಮೊದಲು ವೆರೋನಿಕಾ ಟೀಚರಿಗೆ ಗೊತ್ತಾಗಬೇಕು. ತಡವಾಗಿ ಗೊತ್ತಾದರೆ ಅವರಿಗೆ ಸಿಟ್ಟು ಬರುತ್ತದೆ. ಸತ್ತವರ ಮೇಲೂ ಸ್ವಲ್ಪ ಬರುತ್ತದೆ ಎಂದು ಗಂಡ ಹಿಲರಿ ಹೇಳುವುದುಂಟು. ಆದರೆ ಹಿಲರಿ ಹೇಳುವುದನ್ನೆಲ್ಲ ನಂಬಬೇಕೆಂದೇನೂ ಇಲ್ಲ.

ವಾಡೊ ಎಂದರೆ ಇಗರ್ಜಿಯ, ಅಂದರೆ ಚರ್ಚಿನ, ಲೆಕ್ಕದಲ್ಲಿ ಒಂದು ಕೇರಿ, ಮೂವತ್ತು ನಲವತ್ತು ಮನೆ. ಅದನ್ನು ನೋಡಿಕೊಳ್ಳುವವನು ಗುರ್ಕಾರ, ಹೆಂಗಸಾದರೆ ಗುರ್ಕಾರ್ನ್. ಇಡೀ ಆಯುಷ್ಯ ಶಾಲೆಯ ಮೈದಾನದಲ್ಲಿ ಪಿ.ಟಿ. ಕಲಿಸಿ, ಸೀಟಿ ಊದಿ, ಗಂಟಲು ಗಟ್ಟಿ ಮಾಡಿಕೊಂಡಿದ್ದ ಟೀಚರಿಗೆ ನಿವೃತ್ತಿಯಾದ ಮೇಲೆ ಈ ಕೆಲಸ ಬಂತು, ಅಥವಾ ಅವರೇ ಹೋಗಿ ಹಿಡಿದುಕೊಂಡರು. ಅವರ ಮಾವನೂ ಗುರ್ಕಾರನಾಗಿದ್ದವನೇ. ಮಾವನ ಕಾಲದಲ್ಲಿ ಇಗರ್ಜಿಯ ಗಂಟೆ ಸಾವಿನ ಲಯದಲ್ಲಿ ಬಾರಿಸಿದರೆ ಜನ ಅಂಗಳಕ್ಕೆ ಬಂದು ನಿಲ್ಲುತ್ತಿದ್ದರು, ಮಾವ ಕಪ್ಪು ಕೋಟು ಹಾಕಿ ಮನೆಮನೆಗೆ ನಡೆದು ಹೆಸರು ಹೇಳುತ್ತಿದ್ದ. ಈಗ ಯಾರು ಅಂಗಳಕ್ಕೆ ಬರುತ್ತಾರೆ? ಗಂಟೆ ಬಡಿದದ್ದೇ ತಡ, ವಾಟ್ಸಾಪ್ ಗ್ರೂಪಿನಲ್ಲಿ "ಯಾರದ್ದು? ಯಾರದ್ದು?" ಎಂದು ಶುರುವಾಗುತ್ತದೆ. ಅಷ್ಟರಲ್ಲಿ ಟೀಚರ್ ಕಾರ್ಡು ತಯಾರಿಸಿಟ್ಟಿರುತ್ತಾರೆ: ಸತ್ತವರ ಫೋಟೊ, ಪಕ್ಕದಲ್ಲಿ ಉರಿಯುವ ಮೇಣದ ಬತ್ತಿ, ಕೆಳಗೆ ಮನೆಯಿಂದ ಹೊರಡುವ ಹೊತ್ತು, ಇಗರ್ಜಿಯಲ್ಲಿ ಬಲಿಪೂಜೆಯ ಪ್ರಾರ್ಥನೆಯ ಹೊತ್ತು. ಪಕ್ಕದ ವಾಡೊದ ಗುರ್ಕಾರ ಹಾಕುವ ಮೊದಲು ತಾನು ಹಾಕಬೇಕು ಎಂಬುದೊಂದು ಹಟ. ಸಾವಿನಲ್ಲೂ ಎಂಥ ಪಂದ್ಯವಪ್ಪಾ ಎಂದು ನಮಗೆ ಅನಿಸಬಹುದು. ಟೀಚರಿಗೆ ಅದು ಶಿಸ್ತು.

ಆ ದಿನ ಬೆಳಿಗ್ಗೆ ಫೋನ್ ಮಾಡಿದವನು ಎದುರು ಮನೆಯ ಸೆಡ್ರಿಕ್.

"ಟೀಚರ್ ಆಂಟಿ... ಪಪ್ಪಾ ಹೋದ್ರು."

ಪಪ್ಪಾ ಎಂದರೆ ಯೂಸ್ಟೇಸ್. ಸ್ಟೇಟ್‌ಬ್ಯಾಂಕಿನಿಂದ ಬಿಕರ್ನಕಟ್ಟೆ ದಾರಿಯಾಗಿ ಹೋಗುವ ಸಿಟಿ ಬಸ್ಸಿನಲ್ಲಿ ಕೂದಲು ಕಪ್ಪಿದ್ದಾಗಿನಿಂದ ಬೆಳ್ಳಗಾಗುವವರೆಗೆ ಕಂಡಕ್ಟರ್ ಆಗಿದ್ದ ಮನುಷ್ಯ. ಎದ್ದು ಹಲ್ಲುಜ್ಜುವಾಗ ಎದೆ ಹಿಡಿದುಕೊಂಡು ಕೂತವನನ್ನು ಕಂಕನಾಡಿಯ ಆಸ್ಪತ್ರೆಗೆ ಮುಟ್ಟಿಸುವುದರೊಳಗೆ ಎಲ್ಲ ಮುಗಿದಿತ್ತು. ಟೀಚರಿಗೆ ಕಣ್ಣಲ್ಲಿ ನೀರು ಬಂತು, ಬಂದದ್ದು ನಿಜ. ಆದರೆ ಕಣ್ಣು ಒರೆಸುವ ಮೊದಲೇ ಅವರ ಬೆರಳು ಫೋನಿನಲ್ಲಿ ಯೂಸ್ಟೇಸನ ಒಳ್ಳೆಯ ಫೋಟೊ ಹುಡುಕಲಿಕ್ಕೆ ಹೊರಟಿತ್ತು.

"ಆಂಟಿ, ಈಗ ಎಂತದೂ ಹಾಕ್ಬೇಡಿ," ಎಂದ ಸೆಡ್ರಿಕ್. "ಶೆರಿಲ್‌ಗೆ ಹೇಳ್ಲಿಲ್ಲ. ಐಸಿಯುನಲ್ಲಿದ್ದಾರೆ, ಸೀರಿಯಸ್, ಕೂಡ್ಲೇ ಬಾ ಅಂತ ಹೇಳಿದ್ದೇವೆ. ಮಧ್ಯಾಹ್ನದ ಫ್ಲೈಟಿಗೆ ಸೀಟ್ ಸಿಕ್ಕಿತು. ಸಂಜೆ ಇಳೀತಾಳೆ. ಅಷ್ಟು ತನಕ ಪಪ್ಪನನ್ನು ಆಸ್ಪತ್ರೆಯ ಮಾರ್ಚರಿಯಲ್ಲೇ ಇಡ್ತೇವೆ."

ಶೆರಿಲ್ ಯೂಸ್ಟೇಸನ ಮಗಳು. ಮಸ್ಕತ್ತಿನಲ್ಲಿ ನರ್ಸ್. ಗಂಡನಿಗೆ ರಜೆ ಸಿಗುವುದು ನಾಳೆಗೆ, ಹಾಗಾಗಿ ಎರಡು ವರ್ಷದ ಮಗುವನ್ನು ಎತ್ತಿಕೊಂಡು ಒಬ್ಬಳೇ ಹೊರಟಿದ್ದಳು. ಗಂಡನಿಗೆ ನಿಜ ತಿಳಿಸಿದ್ದರು. ಅವನೂ ಬಾಯಿ ಬಿಡುವುದಿಲ್ಲವೆಂದು ಒಪ್ಪಿದ್ದ.

ಇದು ಹೊಸದೇನಲ್ಲ. ನಮ್ಮ ಕಡೆ ಗಲ್ಫಿನಲ್ಲಿರುವ ಮಕ್ಕಳಿಗೆ ಸಾವನ್ನು ಫೋನಿನಲ್ಲಿ ಹೇಳುವ ಕ್ರಮ ಇಲ್ಲ. "ಸೀರಿಯಸ್" ಎನ್ನುತ್ತಾರೆ. ಮನೆಯ ಬಾಗಿಲಿಗೆ ಬಂದ ಮೇಲೆ, ಹಿಡಿದುಕೊಳ್ಳಲಿಕ್ಕೆ ನಾಲ್ಕು ಕೈ ಇರುವಾಗ ಹೇಳುತ್ತಾರೆ. ಮೊದಲೆಲ್ಲ ಇದು ಸುಲಭವಿತ್ತು, ಗೊತ್ತಿರುತ್ತಿದ್ದವರು ಹತ್ತು ಜನ. ಈಗ?

ಟೀಚರ್ ರಸ್ತೆ ದಾಟಿ ಎದುರು ಮನೆಗೆ ಹೋದಾಗ ಯೂಸ್ಟೇಸನ ಹೆಂಡತಿ ನೆಲ್ಲಿ ಅಡುಗೆಮನೆಯಲ್ಲಿ ಒಲೆ ಹಚ್ಚದೆ ಸುಮ್ಮನೆ ನಿಂತಿದ್ದಳು. ಅಳುತ್ತಿರಲಿಲ್ಲ. ಟೀಚರನ್ನು ಕಂಡವಳೇ ಅವರ ಎರಡೂ ಕೈ ಹಿಡಿದುಕೊಂಡಳು.

"ವೆರೋನಿಕಾ, ನನ್ನ ಅಪ್ಪ ಸತ್ತದ್ದು ನನಗೆ ಯಾರು ಹೇಳಿದ್ದು ಗೊತ್ತುಂಟಾ ನಿನಗೆ? ಬೊಂಬಾಯಿಂದ ಬಸ್ಸಲ್ಲಿ ಬರ್ತಾ ಇದ್ದೆ. ಅಪ್ಪನಿಗೆ ಹುಷಾರಿಲ್ಲ ಅಂತ ಮಾತ್ರ ಗೊತ್ತು. ಕುಂದಾಪುರದಲ್ಲಿ ಹತ್ತಿದವ ಯಾರೋ ನಮ್ಮೂರಿನವ, 'ಓ, ಮಣ್ಣಿಗೆ ಬರ್ತಾ ಇದ್ದೀಯಾ' ಅಂತ ಕೇಳಿದ. ಮತ್ತೆ ಮಂಗಳೂರು ತನಕ ಆ ಬಸ್ಸಲ್ಲಿ, ಗುರುತಿಲ್ಲದವರ ನಡುವೆ... ನನ್ನ ಮಗಳಿಗೆ ಹಾಗಾಗ್ಬಾರ್ದು ಮಾರಾಯ್ತಿ. ಯಾವುದೋ ಫೋನಲ್ಲಿ ನೋಡಿ ಅವಳಿಗೆ ಗೊತ್ತಾಗ್ಬಾರ್ದು. ಒಬ್ಬಳೇ ಇರುವಾಗ ಗೊತ್ತಾಗ್ಬಾರ್ದು."

"ಆಗುದಿಲ್ಲ," ಎಂದರು ಟೀಚರ್. "ಅವಳು ಈ ಮನೆ ಮೆಟ್ಟಿಲು ಹತ್ತುವ ತನಕ ಒಂದು ನೊಣ ಸಹ ಬಾಯಿ ಬಿಡುದಿಲ್ಲ. ನಾನಿದ್ದೇನೆ."

ಮಾತು ಕೊಡುವುದೇನೋ ಕೊಟ್ಟಾಯಿತು. ಗೇಟಿನ ಹೊರಗೆ ಬಂದು ನಿಂತಾಗಲೇ ಅವರಿಗೆ ವಿಷಯದ ಬಿಸಿ ತಟ್ಟಿದ್ದು. ಯಾರೂ ಏನೂ ಹಾಕಬೇಡಿ ಎಂದು ಹಾಕುವುದೆಲ್ಲಿ? ಗ್ರೂಪಿನಲ್ಲೇ? ಗ್ರೂಪಿನಲ್ಲಿ ಶೆರಿಲ್ ಇದ್ದಾಳೆ! ಅವಳೊಬ್ಬಳನ್ನು ತೆಗೆದುಹಾಕೋಣವೆಂದರೆ, ತೆಗೆದದ್ದು ಅವಳಿಗೆ ಗೊತ್ತಾಗಿ, ಯಾಕೆ ತೆಗೆದರು ಎಂದು ಕೇಳುತ್ತಾಳೆ. ಒಬ್ಬೊಬ್ಬರಿಗೇ ಮೆಸೇಜ್ ಬರೆದರೆ ಅದನ್ನು ಯಾರಾದರೊಬ್ಬ ಬುದ್ಧಿವಂತ ಹಾಗೇ ಎತ್ತಿ ಗ್ರೂಪಿಗೆ ಹಾಕುತ್ತಾನೆ, ಅಂಥ ಇಬ್ಬರು ಮೂವರು ವಾಡೊದಲ್ಲಿ ಇದ್ದಾರೆ. ಟೀಚರ್ ಸೀರೆಯ ಸೆರಗು ಸಿಕ್ಕಿಸಿ ನಡೆಯಲಿಕ್ಕೆ ಶುರು ಮಾಡಿದರು. ಮೊದಲು ಇಗರ್ಜಿಗೆ ಹೋಗಿ ಗಂಟೆ ಬಾರಿಸದಂತೆ ವಿಗಾರ ಪಾದ್ರಿಗಳಿಂದ ಒಪ್ಪಿಗೆ ಪಡೆದರು. ಆಮೇಲೆ ಮನೆಮನೆಗೆ.

ಹೇಳಬೇಡಿ ಎಂದು ಹೇಳಬೇಕಾದರೂ ಮೊದಲು ಹೇಳಬೇಕಲ್ಲ! ಇನ್ನೂ ಸುದ್ದಿ ಮುಟ್ಟದ ಮನೆಗಳಿಗೆಲ್ಲ ಸುದ್ದಿ ಮುಟ್ಟಿಸಿದವರು ಟೀಚರೇ. ಪ್ರತಿ ಮನೆಯಲ್ಲೂ ಒಂದೇ ಕತೆ: ಮೊದಲು ಅಯ್ಯೋ ಸಾಯ್ಬಾ, ದೇವರೇ ಎಂದು ಎದೆಗೆ ಕೈ, ಮರುಕ್ಷಣಕ್ಕೆ ಅದೇ ಕೈ ಫೋನಿಗೆ.

"ಕೆಳಗಿಡಿ! ಫೋನ್ ಕೆಳಗಿಡಿ!" ಎಂದು ಟೀಚರ್ ಮೈದಾನದ ಗಂಟಲಿನಲ್ಲಿ ಕೂಗುತ್ತಿದ್ದರು.

"ಒಂದು ರಿಪ್ ಸಹ ಹಾಕ್ಬಾರ್ದಾ ಟೀಚರ್?" ಎಂದು ಒಬ್ಬಳು ಕೇಳಿದಳು. "ಹಾಕದಿದ್ರೆ ನಮಗೆ ಬೇಜಾರೇ ಆಗ್ಲಿಲ್ಲ ಅಂತ ಆಗ್ತದಲ್ಲ?"

"ಬೇಜಾರಾದ್ರೆ ಮೊಣಕಾಲೂರಿ ತೇರ್ಸ ಮಾಡು. ಬೆರಳಿಗೆ ಜಪಮಣಿ ಕೊಡು, ಫೋನ್ ಬೇಡ."

ಶೆರಿಲಳ ಕರೆ ಬಂದಾಗ ಟೀಚರ್ ಕೊನೆಯ ಮನೆಯ ಅಂಗಳದಲ್ಲಿದ್ದರು. ಎತ್ತದಿದ್ದರೆ ಅನುಮಾನ, ಎತ್ತಿದರೆ ಸುಳ್ಳು.

"ಟೀಚರ್ ಆಂಟಿ, ನಾನು ಏರ್‌ಪೋರ್ಟಲ್ಲಿ. ಸೆಡ್ರಿಕ್ ಫೋನ್ ಎತ್ತುದಿಲ್ಲ, ಮಮ್ಮಿ ಸರಿ ಮಾತಾಡುದಿಲ್ಲ. ನೀವು ಆಸ್ಪತ್ರೆಗೆ ಹೋಗಿದ್ರಾ? ವೆಂಟಿಲೇಟರ್ ಹಾಕಿದ್ದಾರಾ?"

ನರ್ಸಿಗೆ ಸುಳ್ಳು ಹೇಳುವುದೆಂದರೆ ಏನೆಂದು ಟೀಚರಿಗೆ ಆಗ ಗೊತ್ತಾಯಿತು. "ಹೌದು ಬಾಯೆ, ಹಾಕಿದ್ದಾರೆ," ಎಂದುಬಿಟ್ಟರು.

"ಆಕ್ಸಿಜನ್ ಸ್ಯಾಚುರೇಶನ್ ಎಷ್ಟು ಉಂಟು? ಮಾನಿಟರಲ್ಲಿ ನೀಲಿ ನಂಬರ್ ನೋಡಿದ್ರಾ?"

"ತೊಂಬತ್ತು... ತೊಂಬತ್ತೆರಡು."

"ತೊಂಬತ್ತೆರಡಾ?" ಅಷ್ಟು ದೂರದಿಂದಲೂ ಆ ಹುಡುಗಿ ಉಸಿರು ಬಿಟ್ಟದ್ದು ಕೇಳಿಸಿತು. "ಹಾಗಾದ್ರೆ ಪರ್ವಾಗಿಲ್ಲ ಆಂಟಿ. ತೊಂಬತ್ತೆರಡು ಪರ್ವಾಗಿಲ್ಲ. ಬೋರ್ಡಿಂಗ್ ಆಯ್ತು, ಇಡ್ತೇನೆ."

ಟೀಚರ್ ಆ ಮನೆಯ ಜಗಲಿಯಲ್ಲಿ ಕೂತುಬಿಟ್ಟರು. ಅವರು ಹೇಳಿದ್ದು ಸುಳ್ಳು ಮಾತ್ರವಲ್ಲ, ಆಸೆ ಹುಟ್ಟಿಸುವ ಸುಳ್ಳು. ಎಂತ ಮಾಡುವುದು, ಅರವತ್ತು ಎಂದಿದ್ದರೆ ಆ ಹೆಣ್ಣು ವಿಮಾನದಲ್ಲಿ ಕೂತು ಸಾಯುತ್ತಿತ್ತು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ವಿಮಾನ ಮೇಲೇರಿತೆಂದರೆ ಅವಳ ಫೋನ್ ಬಂದ್. ಇಳಿಯುವ ತನಕ ಯಾರೂ ಅವಳನ್ನು ಮುಟ್ಟುವ ಹಾಗಿಲ್ಲ. ಇಷ್ಟರ ಮಟ್ಟಿಗೆ ಗೆದ್ದೆ ಎಂದುಕೊಂಡು ಮನೆಗೆ ಹೋಗಿ, ಎರಡು ತುತ್ತು ಊಟ ಮಾಡಿ, ಏರ್‌ಪೋರ್ಟಿಗೆ ಹೋಗಲು ಬಾಸಿತ್‌ನ ರಿಕ್ಷಾ ಕರೆಸಿದರು.

ಬಾಸಿತ್ ಟೀಚರ ಹಳೆಯ ವಿದ್ಯಾರ್ಥಿ. ಈಗ ಮೂರು ಮಕ್ಕಳ ತಂದೆಯಾದರೂ ಟೀಚರೆದುರು ಬೆನ್ನು ನೆಟ್ಟಗೆ ಮಾಡಿಯೇ ನಿಲ್ಲುವವನು. ಆ ದಿನ ಬಂದವನು ನಿಲ್ಲಲೂ ಇಲ್ಲ, ನೇರ ಫೋನ್ ಚಾಚಿದ.

"ಟೀಚರ್, ನಜ್ಲಾ ಕಳಿಸಿದ್ದು. ಇದು ನಿಮ್ಮ ಎದುರು ಮನೆಯವರಲ್ವಾ?"

ನಜ್ಲಾ ಅವನ ಹೆಂಡತಿ. ಕಳಿಸಿದ್ದು ಒಂದು ಯೂಟ್ಯೂಬ್ ವೀಡಿಯೊ. ಮಂಗಳೂರಿನ ಸಿಟಿ ಬಸ್ಸುಗಳ ಹುಚ್ಚು ಹಿಡಿದವರಿಗಾಗಿಯೇ ಇರುವ ಚಾನೆಲ್. ಗಲ್ಫಿನಲ್ಲಿ ಕೂತು ಊರಿನ ಹಾರ್ನ್ ಕೇಳಿ ಕಣ್ಣೊರೆಸಿಕೊಳ್ಳುವವರೆಲ್ಲ ಅದನ್ನು ನೋಡುತ್ತಾರೆ, ಶೆರಿಲ್ ಕೂಡ. ಪರದೆಯಲ್ಲಿ ಯೂಸ್ಟೇಸ್ ಖಾಕಿ ಅಂಗಿಯಲ್ಲಿ ಬಸ್ಸಿನ ಬಾಗಿಲಲ್ಲಿ ಜೋತು, ತಗಡು ಬಡಿದು "ರೈಟ್ ಪೋಯಿ" ಎನ್ನುತ್ತಿದ್ದ. ಮೇಲೆ ದಪ್ಪಕ್ಷರದಲ್ಲಿ: ಯೂಸ್ಟೇಸಣ್ಣ ಇನ್ನಿಲ್ಲ.

ಟೀಚರ್ ವಾಡೊದ ಒಂದು ಬಾಯಿ ಬಿಡದೆ ಮುಚ್ಚಿಸಿ ಬಂದಿದ್ದಾರೆ, ಮತ್ತೆ ಇದೆಲ್ಲಿಂದ ಹೊರಟಿತು? ಒಂದು ಮನೆ ಮಾತ್ರ ಬಿಟ್ಟುಹೋಗಿತ್ತು. ಬೆಳಿಗ್ಗೆ ಹೊರಡುವಾಗ ಗ್ರೂಪಲ್ಲಿ ಹಾಕ್ಬೇಡಿ ಎಂದಷ್ಟೇ ಹೇಳಿ ಬಂದಿದ್ದ ಅವರದೇ ಮನೆ.

ಹಿಲರಿ ವರಾಂಡದ ಆರಾಮ ಕುರ್ಚಿಯಲ್ಲಿ ಕಾಲು ಚಾಚಿಕೊಂಡಿದ್ದ. ಕುವೈಟಿನಲ್ಲಿ ಇಪ್ಪತ್ತು ವರ್ಷ ದುಡಿದು ಬಂದ ಪಾಪದ ಮನುಷ್ಯ. ದಿನಾ ಬೆಳಿಗ್ಗೆ ಗ್ರೂಪಿಗೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಹಾಕುವುದೇ ಅವನ ಉದ್ಯೋಗ.

"ನೀವು ಎಲ್ಲಿಯಾದ್ರೂ ಹಾಕಿದ್ರಾ?" ಟೀಚರ ಸ್ವರ ಕೇಳಿ ಹಿಲರಿ ಕಾಲು ಕೆಳಗಿಳಿಸಿದ.

"ಗ್ರೂಪಲ್ಲಿ ಹಾಕ್ಲಿಲ್ಲ ವೆರೊ, ನೀನು ಬೇಡ ಅಂದಿದ್ದಿಯಲ್ಲ. ಬರೀ ಸ್ಟೇಟಸ್ಸಿಗೆ ಹಾಕಿದ್ದು. ಸ್ಟೇಟಸ್ ಯಾರಿಗೆ ಕಾಣ್ತದೆ? ನನ್ನ ಫ್ರೆಂಡ್ಸಿಗೆ ಮಾತ್ರ."

ಅವನ ಫ್ರೆಂಡ್ಸಿನಲ್ಲಿ ಯೂಸ್ಟೇಸ್ ದುಡಿದ ಬಸ್ಸಿನ ಮಾಲಕರೂ ಇದ್ದರು. ಅವರು ಕಂಡು ಚಾನೆಲಿನವನಿಗೆ ಹೇಳಿದ್ದು. ಟೀಚರ್ ಗಂಡನ ಫೋನ್ ಕಿತ್ತುಕೊಂಡು ಸ್ಟೇಟಸ್ ಅಳಿಸಿದರು. ಬೈಯಲಿಕ್ಕೆ ಬಾಯಿ ತುಂಬ ಮಾತಿತ್ತು, ಹೊತ್ತಿರಲಿಲ್ಲ.

"ಈ ಚಾನೆಲಿನವ ಎಲ್ಲಿಯವ?" ಎಂದು ಬಾಸಿತ್‌ಗೆ ಕೇಳಿದರು.

"ಶೋಭಿತ್ ಅಂತ. ಕೊಡಿಯಾಲ್‌ಬೈಲಲ್ಲಿ ಮೊಬೈಲ್ ರಿಪೇರಿ ಅಂಗಡಿ ಉಂಟು."

"ಬಿಡು ಅಲ್ಲಿಗೆ. ವಿಮಾನ ಇಳಿದು ಅವಳು ಫೋನ್ ಆನ್ ಮಾಡುವ ಮೊದಲು ಅದು ಹೋಗ್ಬೇಕು."

ನಂತೂರಿನಲ್ಲಿ ಸಾಲುಗಟ್ಟಿದ ಲಾರಿ. ಮಲ್ಲಿಕಟ್ಟೆಯಲ್ಲಿ ರಸ್ತೆ ಅಗೆದಿದ್ದರು. ಬಾಸಿತ್ ಒಳದಾರಿ ಹಿಡಿದ, ಅಲ್ಲಿಯೂ ಒಂದು ಶಾಲೆಯ ವ್ಯಾನು ಅಡ್ಡ. ಟೀಚರ್ ಹಿಂದಿನ ಸೀಟಿನ ತುದಿಯಲ್ಲಿ ಕೂತು ಮುಂದಿನ ಸರಳನ್ನು ಬಿಗಿಯಾಗಿ ಹಿಡಿದುಕೊಂಡು, ಜೆಜು ಮರಿ ಜುಜೆ ಎಂದು ಜಪಿಸುತ್ತ, ನಡುನಡುವೆ ವ್ಯಾನಿನವನಿಗೂ ಬೈಯುತ್ತ ಹೋದರು. ಸಮುದ್ರದ ಮೇಲೆ ಎಲ್ಲಿಯೋ ಆ ಹುಡುಗಿ ತೊಂಬತ್ತೆರಡು ಎಂಬ ಸಂಖ್ಯೆಯನ್ನು ನಂಬಿಕೊಂಡು ಕೂತಿದ್ದಾಳೆ ಎಂಬುದೊಂದೇ ತಲೆಯಲ್ಲಿ.

ಶೋಭಿತ್ ಒಳ್ಳೆಯ ಹುಡುಗನೇ. ಮೂವತ್ತರ ಆಸುಪಾಸು. ಟೀಚರ್ ಯೂಸ್ಟೇಸನ ವೀಡಿಯೊ ಎನ್ನುತ್ತ ಒಳಗೆ ನುಗ್ಗಿದಾಗ ಅವನು ಯಾರದೋ ಫೋನಿನ ಹೊಟ್ಟೆ ಬಿಚ್ಚಿ ಕೂತಿದ್ದ. ಗಿರಾಕಿ ಎದುರಿಗೇ ಕಾಯುತ್ತಿದ್ದುದರಿಂದ, "ಒಂದು ನಿಮಿಷ ಆಂಟಿ, ಈ ವಯರ್ ಬಿಟ್ರೆ ಬೋರ್ಡ್ ಹೋಗ್ತದೆ," ಎಂದು ತನ್ನ ಫೋನಿನಲ್ಲಿ ವೀಡಿಯೊ ತೆರೆದು ಅವರ ಕೈಗೆ ಕೊಟ್ಟ. "ನೋಡಿ, ಜನ ಎಷ್ಟು ಬರ್ದಿದ್ದಾರೆ ಅಂತ."

ಟೀಚರ್ ನಿಂತುಕೊಂಡೇ ಓದಿದರು. ಮುಗಿಯುತ್ತಿರಲಿಲ್ಲ. ಕನ್ನಡ, ತುಳು, ಕೊಂಕಣಿ, ಇಂಗ್ಲಿಷು, ಒಂದರ ಕೆಳಗೊಂದು. ಓದುತ್ತ ಓದುತ್ತ ಅವರಿಗೆ ಬೇರೆಯೇ ಭಯ ಹುಟ್ಟಿತು: ಇಷ್ಟು ಜನರಿಗೆ ಗೊತ್ತಾಗಿದೆ!

ಶೋಭಿತ್ ಎದ್ದು ಬಂದ. ಟೀಚರ್ ವಿಷಯ ಹೇಳಿದರು. ಅವನ ಮುಖ ಸಣ್ಣದಾಯಿತು.

"ನನಗೆ ಗೊತ್ತಿರ್ಲಿಲ್ಲ ಆಂಟಿ. ನಾನು ಅವರ ಬಸ್ಸಲ್ಲೇ ಕಾಲೇಜಿಗೆ ಹೋದವ. ಪ್ರೀತಿಯಿಂದ ಹಾಕಿದ್ದು. ಈಗ ಪ್ರೈವೇಟ್ ಮಾಡ್ತೇನೆ, ಯಾರಿಗೂ ಕಾಣುದಿಲ್ಲ. ರಾತ್ರಿ ಪುನಃ ತೆರೀತೇನೆ."

"ಯಾರಿಗೂ ಕಾಣುದಿಲ್ಲ ಅಂತ ನನ್ನ ಗಂಡನೂ ಹೇಳಿದ್ದು. ಪೂರ್ತಿ ತೆಗಿ."

"ಆಂಟಿ, ಡಿಲೀಟ್ ಮಾಡಿದ್ರೆ ಕಮೆಂಟೆಲ್ಲ ಹೋಗ್ತದೆ. ವೀಡಿಯೊ ನನ್ನ ಹತ್ರ ಉಂಟು, ಆದ್ರೆ ಜನ ಬರ್ದದ್ದು ಪುನಃ ಬರುದಿಲ್ಲ. ಒಮ್ಮೆ ಹೋದ್ರೆ ಹೋಯ್ತು. ಪ್ರೈವೇಟ್ ಮಾಡಿದ್ರೆ ಸಾಕಾಗ್ತದೆ, ನನ್ನ ಮಾತು ಕೇಳಿ."

"ಹೋಗ್ಲಿ. ನನ್ನ ಕಣ್ಣೆದುರು ತೆಗಿ."

ಶೋಭಿತ್ ಒಂದು ಕ್ಷಣ ಅವರ ಮುಖ ನೋಡಿದ. ಆ ಮುಖದೆದುರು ಎಷ್ಟೋ ವರ್ಷ ಮಕ್ಕಳು ಬಿಸಿಲಲ್ಲಿ ಓಡಿದ್ದಾರೆ, ಇವನೇನು ಮಾಡಿಯಾನು. ಒತ್ತಿದ. ಖಂಡಿತವಾ ಎಂದು ಫೋನ್ ಕೇಳಿತು. ಖಂಡಿತ ಎಂದು ಒತ್ತಿದ.

ಬಜ್ಪೆಯ ಗುಡ್ಡ ಹತ್ತುವಾಗ ತಲೆಯ ಮೇಲೆಯೇ ವಿಮಾನ ಹಾದುಹೋಯಿತು. ಅದೇ ಇರಬೇಕು. ಟೀಚರ್ ಓಡಿದಂತೆಯೇ ಹೋಗಿ ಹೊರಬರುವ ಬಾಗಿಲಿನ ಕಂಬಿ ಹಿಡಿದು ನಿಂತರು. ಈಗ ಅವಳು ಫೋನ್ ಆನ್ ಮಾಡಿರುತ್ತಾಳೆ. ಈಗ ಟಣ್ ಟಣ್ ಎಂದು ಮೆಸೇಜುಗಳು ಬೀಳುತ್ತಿರುತ್ತವೆ. ಯಾವನಾದರೊಬ್ಬ, ಮಸ್ಕತ್ತಿನ ಯಾವಳಾದರೊಬ್ಬಳು ಗೆಳತಿ, ವೀಡಿಯೊ ಇದ್ದಷ್ಟು ಹೊತ್ತಿನಲ್ಲಿ ನೋಡಿ "ಸಾರಿ ಡಿಯರ್" ಎಂದು ಬರೆದಿದ್ದರೆ? ಬ್ಯಾಗು ಬರುವ ಪಟ್ಟಿಯ ಪಕ್ಕದಲ್ಲಿ, ಮಗು ಕಂಕುಳಲ್ಲಿರುವಾಗ?

ಬೆನ್ನಿಗೆ ಯಾರೋ ತಟ್ಟಿದರು. ಪಕ್ಕದ ವಾಡೊದ ಒಬ್ಬಳು ಹೆಂಗಸು, ಅಳಿಯನನ್ನು ಕರೆದೊಯ್ಯಲು ಬಂದವಳು.

"ಟೀಚರ್, ನಿಮ್ಮಲ್ಲಿ ಯೂಸ್ಟೇಸ್ ಹೋದ್ರಂತಲ್ಲ? ನಿಮ್ಮ ಕಾರ್ಡೇ ಬರ್ಲಿಲ್ಲ, ಎಂತ ಈ ಸಲ?"

ಅದೇ ಹೊತ್ತಿಗೆ ಗಾಜಿನ ಬಾಗಿಲು ಸರಿದು ಶೆರಿಲ್ ಹೊರಗೆ ಬಂದಳು. ಒಂದು ಕೈಯಲ್ಲಿ ಟ್ರಾಲಿ, ಹೆಗಲ ಮೇಲೆ ನಿದ್ದೆ ಹೋದ ಮಗು.

"ಯಾವ ಯೂಸ್ಟೇಸ್?" ಎಂದರು ಟೀಚರ್, ಗಟ್ಟಿಯಾಗಿ. ಆ ಹೆಂಗಸು ಬಾಯಿ ತೆರೆದುಕೊಂಡು ನಿಂತದ್ದನ್ನು ತಿರುಗಿಯೂ ನೋಡದೆ ಮುಂದೆ ಹೋದರು.

ಶೆರಿಲಳ ಮುಖ ಬಾಡಿತ್ತು, ಆದರೆ ಒಡೆದಿರಲಿಲ್ಲ. ಟೀಚರನ್ನು ಕಂಡು ನಕ್ಕಳು ಕೂಡ. ಗೊತ್ತಿಲ್ಲ! ಅವಳಿಗೆ ಗೊತ್ತಿಲ್ಲ! ಟೀಚರಿಗೆ ಎಷ್ಟು ಸಂತೋಷವಾಯಿತೆಂದರೆ, ಆ ಸಂತೋಷಕ್ಕೆ ಅವರಿಗೇ ನಾಚಿಕೆಯಾಯಿತು.

"ಹೇಗಿದ್ದಾರೆ ಆಂಟಿ ಪಪ್ಪಾ?"

"ನಡಿ ಬಾಯೆ, ಮೊದಲು ರಿಕ್ಷಾ ಹತ್ತು. ಮಗುವನ್ನು ಇಲ್ಲಿ ಕೊಡು."

ಹತ್ತಿದರು. ಶೆರಿಲ್ ಮುಂದೆ ಬಾಗಿ, "ಬಾಸಿತಣ್ಣ, ಸೀದಾ ಕಂಕನಾಡಿಗೆ, ಆಸ್ಪತ್ರೆಗೆ," ಎಂದಳು.

"ಮನೆಗೆ ಬಿಡು ಬಾಸಿತ್," ಎಂದರು ಟೀಚರ್. "ಮೊದಲು ಮನೆಗೆ. ಮಮ್ಮಿಯನ್ನು ನೋಡಿ, ಮುಖ ತೊಳೆದು, ಮತ್ತೆ ಹೋಗುವ."

ಇಡೀ ದಿನ ಇಡೀ ಊರಿನ ಬಾಯಿಗೆ ಬೀಗ ಹಾಕಿದ ಜಾಣೆ ಇದೊಂದನ್ನು ಯೋಚಿಸಿಯೇ ಇರಲಿಲ್ಲ. ಐಸಿಯುನಲ್ಲಿ ಅಪ್ಪ ಇದ್ದರೆ, ಪರದೇಶದಿಂದ ಓಡಿ ಬಂದ ಮಗಳನ್ನು ಯಾರಾದರೂ ಮುಖ ತೊಳೆಯಲಿಕ್ಕೆ ಮನೆಗೆ ಕರೆದೊಯ್ಯುತ್ತಾರೆಯೇ? ಅದೂ ನರ್ಸನ್ನು?

ಶೆರಿಲ್ ಕೆಂಜಾರಿನ ಇಳಿಜಾರು ಇಳಿಯುವ ತನಕ ಹೊರಗೆ ನೋಡುತ್ತಿದ್ದಳು. ಆಮೇಲೆ ಮೆಲ್ಲನೆ ಕೇಳಿದಳು, "ಎಷ್ಟು ಹೊತ್ತಿಗೆ ಆದದ್ದು ಆಂಟಿ?"

ಟೀಚರ್ ಬೆಳಗಿನಿಂದ ಬೇರೆಯವರ ಮಾತು ತಡೆಯುವುದರಲ್ಲೇ ಇದ್ದು, ತಾನು ಹೇಳಬೇಕಾದ ಮಾತನ್ನು ಹೊಂದಿಸಿಕೊಂಡೇ ಇರಲಿಲ್ಲ.

"ಬೆಳಿಗ್ಗೆ."

"ಬೆಳಿಗ್ಗೆ ಅಂದ್ರೆ? ನನಗೆ ಫೋನ್ ಮಾಡುವ ಮೊದಲೇ?"

ಟೀಚರ್ ತಲೆಯಾಡಿಸಿದರು. ಶೆರಿಲ್ ಅತ್ತಳು, ಮಗು ಏಳದ ಹಾಗೆ, ಬಾಯಿಗೆ ದುಪಟ್ಟಾ ಒತ್ತಿಕೊಂಡು ಅತ್ತಳು. ಟೀಚರ್ ಅವಳ ಬೆನ್ನ ಮೇಲೆ ಕೈಯಿಟ್ಟರು. ಬಾಸಿತ್ ರಿಕ್ಷಾದ ವೇಗ ಕಡಿಮೆ ಮಾಡಿದ. ಮರವೂರಿನ ಸೇತುವೆ ದಾಟಿತು.

"ಯಾರಿಗೆಲ್ಲ ಗೊತ್ತುಂಟು?" ಎಂದು ಶೆರಿಲ್ ಕೇಳಿದಳು.

"ಮನೆಯವರಿಗೆ. ವಾಡೊದವರಿಗೆ."

"ನನ್ನ ಗಂಡನಿಗೆ?"

"...ಗೊತ್ತುಂಟು."

"ಬಾಸಿತಣ್ಣನಿಗೆ?"

ಮುಂದಿನ ಸೀಟಿನಲ್ಲಿ ಬಾಸಿತ್ ತಲೆ ತಗ್ಗಿಸಿದ.

"ನನ್ನ ಅಪ್ಪ," ಎಂದಳು ಶೆರಿಲ್. "ರಿಕ್ಷಾದವರಿಗೆ ಗೊತ್ತುಂಟು, ನನಗೆ ಗೊತ್ತಿಲ್ಲ. ವಿಮಾನದಲ್ಲಿ ಊಟ ಮಾಡಿದೆ ಆಂಟಿ ನಾನು. ಪಕ್ಕದವಳ ಹತ್ರ ನಗಾಡಿದೆ. ತೊಂಬತ್ತೆರಡು ಉಂಟು, ಬದುಕ್ತಾರೆ ಅಂತ."

ಮಮ್ಮಿ ಹೇಳಿದಳು, ನಿನಗೆ ಒಬ್ಬಳೇ ಇರುವಾಗ ಗೊತ್ತಾಗಬಾರದೆಂದು, ಎಂದು ಟೀಚರ್ ಶುರು ಮಾಡಿದವರು ನಿಲ್ಲಿಸಿದರು. ಶೆರಿಲ್ ಫೋನ್ ತೆಗೆದಿದ್ದಳು. ವಾಡೊದ ಗ್ರೂಪ್ ತೆರೆದಳು. ಅಲ್ಲಿ ಆ ಇಡೀ ದಿನಕ್ಕೆ ಇದ್ದದ್ದು ಹಿಲರಿಯ ಗುಲಾಬಿ ಹೂವು ಒಂದೇ. ಬಸ್ಸಿನ ಚಾನೆಲ್ ತೆರೆದಳು. ಅಲ್ಲಿಯೂ ಹೊಸದೇನಿಲ್ಲ. ಮೇಲೆ ಕೆಳಗೆ ಸರಿಸಿ ಸರಿಸಿ ನೋಡಿದಳು.

"ಬೆಳಿಗ್ಗೆ ಹೋದದ್ದು. ಈಗ ಸಂಜೆ ಆಯ್ತು," ಎಂದಳು. ಸ್ವರದಲ್ಲಿ ಸಿಟ್ಟಿರಲಿಲ್ಲ, ಅದು ಇನ್ನೂ ಕಷ್ಟವಾಗಿತ್ತು. "ಅಷ್ಟು ವರ್ಷ ಈ ಊರಿನವರನ್ನೆಲ್ಲ ಹತ್ತಿಸಿ ಇಳಿಸಿದ ಮನುಷ್ಯ. ಒಬ್ಬರು ಸಹ ಎರಡು ಸಾಲು ಬರೀಲಿಲ್ಲವಾ ಆಂಟಿ?"

ಟೀಚರ್ ಅವಳ ಫೋನಿನ ಮೇಲೆ ಕೈಯಿಟ್ಟರು.

"ಬರ್ದಿದ್ರು. ಅಯ್ಯೋ ಬಾಯೆ, ಎಷ್ಟು ಜನ ಬರ್ದಿದ್ರು! ನಾನು ತೆಗೆಸಿದೆ. ನೀನು ನೋಡ್ಬಾರ್ದು ಅಂತ. ಆ ಹುಡುಗ ಬರೀ ಅಡಗಿಸಿಡ್ತೇನೆ ಅಂದ, ನಾನು ನಂಬ್ಲಿಲ್ಲ. ಪೂರ್ತಿ ತೆಗೆಸಿದೆ. ಪುನಃ ಬರುದಿಲ್ಲವಂತೆ."

ಶೆರಿಲ್ ಅವರ ಮುಖವನ್ನೇ ನೋಡಿದಳು. ಟೀಚರಿಗೆ ಆ ನೋಟ ತಡೆಯಲಾಗಲಿಲ್ಲ. ಏನಾದರೂ ಕೊಡಬೇಕಿತ್ತು, ಕೊಡಲಿಕ್ಕೆ ಇದ್ದದ್ದು ನೆನಪು ಮಾತ್ರ.

"ಒಬ್ಬ ಬರ್ದಿದ್ದ," ಎಂದು ಶುರು ಮಾಡಿದರು. "ಫುಟ್‌ಬೋರ್ಡಲ್ಲಿ ನಿಂತದ್ದಕ್ಕೆ ನನ್ನ ಕಾಲರ್ ಹಿಡಿದು ಒಳಗೆ ಎಳೆದು ಹಾಕಿದ್ರು, ಅಂದು ಬಾಯಿಗೆ ಬಂದ ಹಾಗೆ ಬೈದಿದ್ದೆ, ಈಗ ನಾನೇ ಕಂಡಕ್ಟರ್, ಈಗ ನಾನೂ ಎಳೀತೇನೆ ಅಂತ."

ಶೆರಿಲ್ ಫೋನ್ ಕೆಳಗಿಟ್ಟಳು.

"ಬೂಬ ಬರ್ದದ್ದಿತ್ತು, ಅವರ ಬಸ್ಸಿನ ಡ್ರೈವರ್. ಮಗಳ ಕೈಯಲ್ಲಿ ಬರೆಸಿದ್ದಂತೆ. ಯೂಸ್ಟೇಸ್ ಹಿಂದೆ ಇದ್ರೆ ನಾನು ಕನ್ನಡಿ ನೋಡ್ತಾ ಇರ್ಲಿಲ್ಲ, ಅವನ ಸೀಟಿ ಸಾಕಿತ್ತು, ಅಂತ."

"ಮತ್ತೆ?"

"ಬಾಸಿತ್‌ನ ನಜ್ಲಾ. ಅವಳ ಅಮ್ಮನಿಗೆ ಕಾಲು ಬರ್ತಿರ್ಲಿಲ್ಲ. ಅವರು ಹತ್ತಿ ಕೂತ್ಕೊಳ್ಳುವ ತನಕ ರೈಟ್ ಹೇಳ್ತಿರ್ಲಿಲ್ಲವಂತೆ, ಹಿಂದಿನ ಬಸ್ಸಿನವ ಎಷ್ಟು ಹಾರ್ನ್ ಹೊಡೆದ್ರೂ."

"ಮತ್ತೆ?"

"ಒಬ್ಬ ಇಗರ್ಜಿಯ ಕೋಯರಿನವ, ಪಪ್ಪನೊಟ್ಟಿಗೆ ಹಾಡುವವ. ದೇವರ ದಯೆ, ಇನ್ನು ನಮ್ಮ ಕೋಯರಲ್ಲಿ ಸುರ ತಪ್ಪುದಿಲ್ಲ, ಆದ್ರೆ ಯಾರಿಗೆ ಬೈಯುದು ಅಂತ ಗೊತ್ತಾಗುದಿಲ್ಲ, ಅಂತ."

ಶೆರಿಲ್ ನಕ್ಕಳೋ ಅತ್ತಳೋ, ಎರಡೂ ಒಟ್ಟಿಗೇ ಬಂತು. "ಮತ್ತೆ?"

ಟೀಚರ್ ಹೇಳಿದರು. ಬೊಂದೇಲ್ ದಾಟಿತು, ಯೆಯ್ಯಾಡಿ ದಾಟಿತು. ಪರೀಕ್ಷೆಗೆ ತಡವಾದವಳನ್ನು ಗೇಟಿನೆದುರೇ ಇಳಿಸಿದ್ದು, ಮಗಳು ನರ್ಸಿಂಗ್ ಪಾಸಾದ ದಿನ ಮುಂಬಾಗಿಲಿನಿಂದ ಹಿಂಬಾಗಿಲಿನವರೆಗೆ ಹತ್ತಿದವರಿಗೆಲ್ಲ ಪೆಪ್ಪರ್‌ಮಿಂಟ್ ಹಂಚಿದ್ದು. ನೆನಪಿದ್ದದ್ದು ಏಳೋ ಎಂಟೋ. ಇದ್ದದ್ದು ನೂರಾರು. ಕೆಪಿಟಿಯ ಸಿಗ್ನಲಿನಲ್ಲಿ ರಿಕ್ಷಾ ನಿಂತಾಗ ಶೆರಿಲ್ ಮತ್ತೊಮ್ಮೆ "ಮತ್ತೆ?" ಎಂದಳು, ಟೀಚರ ಬಳಿ ಇನ್ನೊಂದು ಇರಲಿಲ್ಲ. ಕಟ್ಟಿ ಹೇಳಬಹುದಿತ್ತು. ಬೆಳಗಿನಿಂದ ಹೇಳಿದ ಸುಳ್ಳುಗಳ ಮೇಲೆ ಇನ್ನೆರಡು ಏನು ಮಹಾ. ಆದರೆ ಬಾಯಿ ಬರಲಿಲ್ಲ.

"ನನಗೆ ಇಷ್ಟೇ ನೆನಪಿರುದು ಬಾಯೆ," ಎಂದರು. ಆಗ ಅವರಿಗೆ ಅಳು ಬಂತು. ಯೂಸ್ಟೇಸ್ ಸತ್ತ ಮೇಲೆ ಸರಿಯಾಗಿ ಅತ್ತದ್ದು ಆಗಲೇ. "ಕ್ಷಮಿಸು. ಇಷ್ಟೇ."

ಸಿಗ್ನಲ್ ಬಿಟ್ಟಿತು. ಬಾಸಿತ್ ಹಿಂದೆ ತಿರುಗಿ, ನಂತೂರಿನಲ್ಲಿ ಯಾವ ಕಡೆಗೆ, ಮನೆಗೋ ಆಸ್ಪತ್ರೆಗೋ ಎಂದು ಟೀಚರ ಮುಖ ನೋಡಿದ. ಟೀಚರ್ ಶೆರಿಲಳ ಮುಖ ನೋಡಿದರು.

"ಕಂಕನಾಡಿಗೆ ಬಾಸಿತಣ್ಣ," ಎಂದಳು ಶೆರಿಲ್. "ನನಗೆ ಪಪ್ಪನನ್ನು ನೋಡ್ಬೇಕು."

ಆಮೇಲೆ ಟೀಚರ ಮಡಿಲಲ್ಲಿದ್ದ ಮಗುವಿನ ತಲೆ ಸರಿ ಮಾಡಿ, ಅವರಿಗೆ ಒತ್ತಿ ಕೂತು ಹೇಳಿದಳು, "ಆಂಟಿ, ಮೊದಲಿಂದ ಹೇಳಿ. ಆ ಫುಟ್‌ಬೋರ್ಡಿನವ ಎಂತ ಬರ್ದಿದ್ದ?"

ಟೀಚರ್ ಕಣ್ಣೊರೆಸಿಕೊಂಡು ಮೊದಲಿನಿಂದ ಶುರು ಮಾಡಿದರು.